ಗಾಯರಾಣದ ತೋಳಕ್ಕೆ ನನ್ನ ಸಾಕ್ಷಿ

ಸಿದ್ದಪ್ಪ ಕಾಕಾ,

ನಾನು, ನಿನ್ನ ಪಕ್ಕದ ಮನೆಯ ಶಮಶಾದ. ಇನ್ನೂ ಓಡುತ್ತಿದ್ದೇನೆ. ಮೊದಲ ದಿನ ಬೂಟು ಹಾಕಿಕೊಂಡು ಊರ ಗೋಮಾಳಕ್ಕೆ, ನಮ್ಮ ಗಾಯರಾಣದ ಹುಲ್ಲಿಗೆ ಇಳಿದಾಗ, ಕುರಿ ಮೇಯಿಸುತ್ತಿದ್ದ ನೀನು, "ಯಾರೂ ಬೆನ್ನ ಹತ್ತಿಲ್ಲ, ಯಾಕ ಓಡ್ತಿ ಬೇ?" ಎಂದು ನಕ್ಕಿದ್ದೆ. ಸಕ್ಕರೆ ಕಾಯಿಲೆ ಐತಿ ಕಾಕಾ ಎಂದು ನಾನು ಅಂದರೆ, "ಸುತ್ತ ಕಬ್ಬ ಹಚ್ಚಿ ಕುಂತ್ರ ಮತ್ತೇನ ಬರ್ತೈತಿ!" ಅಂದಿದ್ದೆ.

ಒಮ್ಮೆ ತೋಳ ನಿನ್ನ ಹಿಂಡಿನ ಮರಿಯನ್ನು ಒಯ್ದಿತ್ತು. ಊರವರು ಬಡಿಗೆ ಹಿಡಿದು ಹೊರಟರೆ ನೀನೇ ಅಡ್ಡ ನಿಂತೆ. "ಅದರ ಪಾಲ ಅದು ಒಯ್ದೈತಿ. ಗವಿ ಹುಡಕಬ್ಯಾಡ್ರಿ." ನಿಮ್ಮ ಕುರುಬರ ಈ ಲೆಕ್ಕ ನನಗೆ ತಿಳಿಯಲಿಲ್ಲ. ಮರಿ ಕಳೆದುಕೊಂಡವನೇ ಹೀಗಂದರೆ...

ನೀನು ತೀರಿಹೋದ ಮೇಲೆ ನಾನು ಪಂಚಾಯ್ತಿ ಮೆಂಬರ್ ಆದೆ. ಗಾಯರಾಣವನ್ನು ಪ್ಲಾಟು ಮಾಡಿ ಕಾರ್ಖಾನೆಗಳಿಗೆ ಕೊಡುತ್ತಾರಂತೆ. ಅಳತೆಗೆ ಬಂದ ಸಾಹೇಬರು ಪಂಚನಾಮೆ ಮುಂದಿಟ್ಟು, "ನಾಮ್‌ಕೇವಾಸ್ತೆ ಐತ್ರಿ ಮೇಡಮ್" ಎಂದರು. ಓದದೆ ಸಹಿ ಹಾಕಿದೆ. ಆಮೇಲೆ ಓದಿದರೆ, 'ಸದರಿ ಜಾಗದಲ್ಲಿ ಯಾವುದೇ ವನ್ಯಪ್ರಾಣಿ ಇರುವುದಿಲ್ಲ.' ಅದರ ಕೆಳಗೆ ನನ್ನ ಹೆಸರು! ನಿನ್ನ ಮನೆಯಾಕೆ, ನಮ್ಮ ಕಾಕಿ, ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು. ಬಿಡದೆ ಏನು ಮಾಡುತ್ತಾಳೆ?

ಹೋದ ಸೋಮವಾರ ಬೆಳಿಗ್ಗೆ, ಹೊಸದಾಗಿ ನೆಟ್ಟ ಅಳತೆ ಕಲ್ಲುಗಳನ್ನು ದಾಟಿ ಓಡುತ್ತಿದ್ದೆ. ಹಳ್ಳದ ದಂಡೆಯ ಜಾಲಿ ಪಕ್ಕ ತೋಳ. ಇಪ್ಪತ್ತು ಹೆಜ್ಜೆ ದೂರ, ಅಷ್ಟೇ. ಹಿಂದೆ ಮೂರು ಮರಿಗಳು, ಒಂದರ ಕಿವಿ ಇನ್ನೊಂದು ಕಚ್ಚಿ ಎಳೆಯುತ್ತಿತ್ತು. ತೋಳಕ್ಕೆ ಬೆನ್ನು ಕೊಡಬಾರದೆಂದು ನೀನು ಹೇಳುತ್ತಿದ್ದೆ, ಹಾಗೇ ನಿಂತೆ. ಅದೂ ನನ್ನನ್ನು ನೋಡುತ್ತ ನಿಂತಿತು. ಆಮೇಲೆ ಮರಿಗಳನ್ನು ಕರೆದುಕೊಂಡು ಹುಲ್ಲಿನೊಳಗೆ ಹೋಯಿತು. ಮೊದಲು ಅಳು ಬಂತು ಕಾಕಾ, ಆಮೇಲೆ ಕೆಂಡದಂಥ ಸಿಟ್ಟು. ಇವು ಇಲ್ಲವೇ ಇಲ್ಲ ಎಂದು ಬರೆದುಕೊಟ್ಟವಳು ನಾನೇ ಅಲ್ಲವೇ?

ನಿನ್ನೆ ಗ್ರಾಮಸಭೆಯಲ್ಲಿ ಎದ್ದು ನಿಂತೆ. "ಆ ಸಹಿ ನಂದು, ಆ ಮಾತು ಸುಳ್ಳು. ವಾಪಸ್ ತಗೋತೀನ್ರಿ" ಅಂದೆ. ಸಾಹೇಬರು ನಕ್ಕರು. "ತೋಳ ಕುರಿ ತಿಂತೈತಲ್ರಿ ಮೇಡಮ್. ಅದರ ವಕಾಲತ್ತು ನಿಮಗ್ಯಾಕ?"

"ಕುರಿ ಕಳಕೊಂಡವ್ರ ಸುಮ್ನ ಅದಾರ. ನಿಮಗೇನ್ರಿ ತ್ರಾಸ?" ಅಂದೆ ನಾನು.

ಊರಿಗೆ ಬರುವ ಕೆಲಸಕ್ಕೆ ಕಲ್ಲು ಹಾಕಾಕತ್ತಾಳ ಎಂದು ಹಿಂದಿನಿಂದ ಯಾರೋ ಕೂಗಿದರು. ಮೆಂಬರ್‌ಗಿರಿ ಹೋದರೆ ಹೋಗಲಿ, ಅಲ್ಲೇ ಕೂತು ಹೊಸ ಹೇಳಿಕೆ ಬರೆದೆ. ತೋಳ ಇದೆ, ಮೂರು ಮರಿ ಇವೆ, ಕಣ್ಣಾರೆ ನೋಡಿದ್ದೇನೆ.

"ಸಾಕ್ಷಿ ಯಾರದಾರ?" ಎಂದರು ಸಾಹೇಬರು. ಸಭೆಯಲ್ಲಿ ಯಾರೂ ಕೈ ಎತ್ತಲಿಲ್ಲ. ಮಾರಿ ತಗ್ಗಿಸಬಾರದೆಂದು ಹಲ್ಲು ಕಚ್ಚಿ ನಿಂತಿದ್ದೆ.

ಆಗ ಹೆಂಗಸರ ಸಾಲಿನಿಂದ ಕಾಕಿ ಎದ್ದು ಬಂದಳು. ನನ್ನ ಮಾರಿ ನೋಡಲಿಲ್ಲ. ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ನನ್ನ ಹೆಸರಿನ ಬಾಜೂಕೇ ಒತ್ತಿದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಸಾಹೇಬರತ್ತ ತಿರುಗಿದಳು.

"ಹೂಂ, ಇನ್ನ ಗಾಯರಾಣ ಅಳೀರಿ, ನೋಡೂಣು."