ಬ್ರೇಕಿಲ್ಲದ ಸೈಕಲ್

ಗೆಂಟ್, ಬೆಲ್ಜಿಯಂ

ಪ್ರೀತಿಯ ಅಪ್ಪ,

ನಿನ್ನೆ ಟ್ರ್ಯಾಕ್ ಮೇಲೆ ಬಿದ್ದೆ. ಭುಜ ತರಚಿದೆ, ಅಷ್ಟೇ. ಇಲ್ಲಿನ ಸೈಕಲ್ಲಿಗೆ ಬ್ರೇಕಿಲ್ಲ. ಪೆಡಲ್ ಚಕ್ರದ ಜೊತೆಗೇ ತಿರುಗುತ್ತದೆ, ಚಕ್ರ ತಿರುಗುತ್ತಿರುವಷ್ಟು ಹೊತ್ತೂ ತುಳಿಯುತ್ತಲೇ ಇರಬೇಕು. ನಾನು ಕಾಲು ನಿಲ್ಲಿಸಿಬಿಟ್ಟೆ. ಸೈಕಲ್ ನನ್ನನ್ನು ಎತ್ತಿ ಬಿಸಾಕಿತು.

"ಏನಮ್ಮಾ ಐರಿಷ್ ರಾಣಿ, ಇದನ್ನೂ ರೋಡ್ ರೇಸ್ ಅಂದ್ಕೊಂಡ್ಯಾ?" ಎಂದು ಕೋಚ್ ಕೂನ್ ನಕ್ಕರು. ನಾನೂ ನಕ್ಕೆ.

ಆದರೆ ಅಪ್ಪ, ಆಗ ನಾನು ನಿಜವಾಗಿಯೂ ನಮ್ಮೂರು ಟಿಪ್ಪರರಿಯ ಇಳಿಜಾರು ರಸ್ತೆಯಲ್ಲಿದ್ದೆ. "ತುಳೀಬೇಡ ಕಣೇ, ಅದರಷ್ಟಕ್ಕೆ ಹೋಗ್ಲಿ" ಎಂದು ನೀನು ಹಿಂದಿನಿಂದ ಕೂಗಿದ್ದು ಕೇಳಿಸಿತು. ಏಪ್ರಿಲ್‌ನಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೆ ಹೀಗೆ ಎಲ್ಲಿದ್ದೇನೆಂಬುದೇ ಮರೆತುಹೋಗಿದ್ದು ಇದೇ ಮೊದಲಲ್ಲ. ಡಾಕ್ಟರಿಗೆ ಹೇಳಿದರೆ ಸೈಕಲ್ ಹತ್ತಲು ಬಿಡುವುದಿಲ್ಲ. ನನ್ನ ಬಾಯಿಂದ ಆ ಮಾತು ಹೊರಡುವುದಿಲ್ಲ.

ಅಮ್ಮನಿಗೆ ಈಗಲೇ ತಿಳಿಸಬೇಡ. ಕೂನ್ ಅವರ ಫೋನ್ ನಂಬರ್ ಈ ಕಾಗದದ ಹಿಂದೆ ಬರೆದಿದ್ದೇನೆ. ಮುಂದಿನ ರೇಸಿಗೆ ಮೊದಲು ನೀನೇ ಅವರಿಗೆ ಫೋನ್ ಮಾಡಿ ಇದನ್ನು ಹೇಳಿಬಿಡು. ಆಮೇಲೆ ನಾನು ನಿನ್ನನ್ನು ಎಷ್ಟು ಬೈದರೂ ಬೈಸಿಕೋ.

ನಿನ್ನ ಮಗಳು,
ಡರ್ವ್ಲಾ