ಎರ್ಮೆಲಿಂಡಾ ಅಕ್ಕನ ಕೈ

ನವೆಂಬರ್ 9, ಶನಿವಾರ. ವಹಾಕಾ, ಮೆಕ್ಸಿಕೊ.

ನನ್ನ ವಿಡಿಯೊಗಳಲ್ಲಿ ಮುಖ ನನ್ನದು. ಕೋಕೋ ಬೀಜ ಅರೆಯುವ ಕೈ ಪಕ್ಕದ ಮನೆಯ ಎರ್ಮೆಲಿಂಡಾ ಅಕ್ಕನದು. ಎರಡು ಲಕ್ಷ ಅಭಿಮಾನಿಗಳಿಂದ ಇದನ್ನು ಮುಚ್ಚಿಟ್ಟ ಮಹಾತಾಯಿ ನಾನು ಇಂದು ಸಿಕ್ಕಿಬೀಳುವುದರಲ್ಲಿದ್ದೆ. ಸಿಕ್ಕಿಬಿದ್ದಿದ್ದರೇ ಚೆನ್ನಾಗಿತ್ತು.

ಇಂದು ಅಕ್ಕನ ಗಂಡ ಸತ್ತ ಒಂಬತ್ತನೆಯ ದಿನ. ಪ್ರಾರ್ಥನೆಗೆ ಬಂದವರಿಗೆ ಚಾಕೊಲೆಟ್ ಕಾಯಿಸಬೇಕು. ವಿಧವೆ ಅರೆಯುವ ಕಲ್ಲು ಮುಟ್ಟಬಾರದು, ಓಣಿಯ ಹೆಂಗಸರೇ ಅರೆಯಬೇಕು.

"ಬಾರಮ್ಮ ಮಹಾರಾಣಿ, ಫೋನಿಲ್ದೆ ಅರೆಯೋಕೆ ಬರುತ್ತೋ ಇಲ್ವೋ?" ಎಂದಳು ಎದುರುಮನೆಯ ನಿಕೊಲಾಸಾ.

ಕಲ್ಲಿನ ಮುಂದೆ ಗಂಭೀರವಾಗಿ ಮಂಡಿಯೂರಿದೆ. ಮೂರೇ ಎಳೆತಕ್ಕೆ ಬೀಜಗಳು ಸತ್ತವರ ಫೋಟೊದವರೆಗೂ ಹಾರಿದವು. ಯಾರೂ ನಗಲಿಲ್ಲ. ಎಲ್ಲರೂ ನನ್ನ ಕೈಗಳನ್ನೇ ನೋಡತೊಡಗಿದರು.

"ಬಿಡ್ರೇ, ಅವಳ ಬಲಗೈ ಮಣಿಕಟ್ಟು ಉಳುಕಿದೆ. ನಿನ್ನೆ ನಾನೇ ಎಣ್ಣೆ ತಿಕ್ಕಿದೀನಿ," ಎಂದು ಎರ್ಮೆಲಿಂಡಾ ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿದರು. ಗಂಡನ ಫೋಟೊದ ಎದುರೇ ಸುಳ್ಳು ಹೇಳಿ, ಕರಿಶಾಲು ಸೊಂಟಕ್ಕೆ ಬಿಗಿದು ತಾವೇ ಅರೆಯಲು ಕೂತರು.

ನಿಜ ಹೇಳಲು ಬಾಯಿ ತೆರೆದೆ.

"ಅಯ್ಯೋ ಪಾಪ, ಎಷ್ಟು ನೋಯ್ತಿದೆಯೋ! ಸುಮ್ನೆ ಆಡ್ಕೊಂಡ್ನಲ್ಲೇ," ಎಂದು ನಿಕೊಲಾಸಾ ಮೊದಲ ಬಟ್ಟಲನ್ನು ನನಗೇ ತಂದುಕೊಟ್ಟಳು.

ನಾನು ಎಡಗೈಯಲ್ಲಿ ಇಸಿದುಕೊಂಡೆ. ನೋವಿರುವವಳಂತೆ.