‘ತೆಗಿ’ ಎಂಬ ಅಪ್ಪಣೆ

ಪಾಂಡವಪುರ,
ಮಂಗಳವಾರ

ಮಾನ್ಯ ಪುಟ್ಟಸ್ವಾಮಿ ಸಾರ್,

ನೀವು ಕೇಳಿದ ಸಮಜಾಯಿಷಿ ಇದು. “ನಾಗಮಂಗ್ಲ ಆಫೀಸಿನ ಟ್ರಾನ್ಸಿಟ್ ಗೇಟ್‌ವೇ ತೆಗ್ದ್‌ಬುಡವ್ವ” ಎಂದು ನಿನ್ನೆ ಫೋನಿನಲ್ಲಿ ಹೇಳಿದಿರಿ. ನಮ್ಮ ಕಡೆ ಬಾಗಿಲು ತೆಗಿ ಅಂದರೆ ತೆರೆಯುತ್ತೇವೆ, ಬೇಲಿ ತೆಗಿ ಅಂದರೆ ಕಿತ್ತುಹಾಕುತ್ತೇವೆ. ನಾನು ಆ ಆಫೀಸಿಗೆ ನೆಟ್‌ವರ್ಕ್ ಹಾದುಹೋಗುವ ಗೇಟ್‌ವೇಯನ್ನು ಬೇಲಿ ಲೆಕ್ಕಕ್ಕೆ ಸೇರಿಸಿ, ಏನೇನು ಇರಬೇಕೆಂದು ಬರೆದಿಡುವ ಫೈಲಿನಿಂದ ಅದರ ಸಾಲನ್ನು ಅಳಿಸಿದೆ. ಇದನ್ನೆಲ್ಲ ತಾನೇ ನಡೆಸುವ ಸರ್ವರುಗಳ ಗುಂಪು, ನಮ್ಮ ಕುಬರ್ನೆಟಿಸ್ ಕ್ಲಸ್ಟರು, ಫೈಲಿನಲ್ಲಿ ಬರೆದದ್ದನ್ನಷ್ಟೇ ನಂಬುವುದರಿಂದ, ಕ್ಲೌಡಿನಲ್ಲಿದ್ದ ಗೇಟ್‌ವೇಯನ್ನೇ ಅಳಿಸಿಹಾಕಿತು. ನಾಗಮಂಗಲದ ಆಫೀಸಿಗೆ ಮಧ್ಯಾಹ್ನದವರೆಗೆ ನೆಟ್‌ವರ್ಕ್ ಇರಲಿಲ್ಲ. ಆ ಸಾಲನ್ನು ಮತ್ತೆ ಬರೆದಿದ್ದೇನೆ; ಗೇಟ್‌ವೇ ಈಗ ಇದೆ, ತೆರೆದೂ ಇದೆ.

ಇನ್ನು ಮುಂದೆ ಅಪ್ಪಣೆಗಳನ್ನು ದಯವಿಟ್ಟು ಬರೆದು ಕಳಿಸಿ. ಮೇಲಿನವರಿಗೆ ನೀವು “ಆ ಉಡ್ಗೀನ ಕೆಲ್ಸದಿಂದ ತೆಗ್ದ್‌ಬುಡಿ” ಅಂದಿರಂತೆ. ಅದು ಬಾಗಿಲಿನ ತೆಗಿಯೋ ಬೇಲಿಯ ತೆಗಿಯೋ ಎಂದು ತಿಳಿಯುವವರೆಗೆ ನಾನು ಕುರ್ಚಿ ಬಿಟ್ಟು ಏಳುವುದಿಲ್ಲ.

ಸದ್ಯಕ್ಕೆ ನಿಮ್ಮ ಸಿಬ್ಬಂದಿಯೇ ಆದ,
ಸಿಂಚನ